ವಿಚ್ಛೇದನವಾದರೆ ಆಸ್ತಿಯಲ್ಲಿ ಅರ್ಧ ಸಿಗುತ್ತದೆಯೇ? ಐದು ವರ್ಷ ದಾಟಿದ ಮಗು ಯಾರಿಗೆ?

ತುಂಗಾತೀರದವನು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ವಿಷಯ. ಮದುವೆಯಾಗಿ ಒಂಬತ್ತು ವರ್ಷ, ಆರು ವರ್ಷದ ಮಗನಿದ್ದಾನೆ. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಮಗು ಹುಟ್ಟಿದ ಮೇಲೆ ತಂಗಿ ಕೆಲಸ ಬಿಟ್ಟಳು. ಈಗ ಮನೆಯಿಂದಲೇ ಒಂದಿಷ್ಟು ಅನುವಾದದ ಕೆಲಸ ಮಾಡುತ್ತಾಳೆ. ಹೊಡೆತ ಬಡಿತ, ಕುಡಿತ ಯಾವುದೂ ಇಲ್ಲ. ಮಾತು ನಿಂತುಹೋಗಿದೆ. ಕಳೆದ ವರ್ಷದ ಯುಗಾದಿಗೆ ಬಂದವಳು ಮಗನೊಂದಿಗೆ ಶಿವಮೊಗ್ಗದ ನಮ್ಮ ಮನೆಯಲ್ಲೇ ಇದ್ದಾಳೆ. ಇಬ್ಬರೂ ಒಪ್ಪಿಯೇ ಬೇರೆಯಾಗಲು ತೀರ್ಮಾನಿಸಿದ್ದಾರೆ.

ತಕರಾರು ಇರುವುದು ಲೆಕ್ಕದಲ್ಲಿ. ಫ್ಲ್ಯಾಟ್ ಇಬ್ಬರ ಹೆಸರಿನಲ್ಲಿದೆ, ಗೃಹಸಾಲವೂ ಇಬ್ಬರ ಹೆಸರಿನಲ್ಲಿದೆ. ಆರು ವರ್ಷದಿಂದ ಕಂತು ಕಟ್ಟುತ್ತಿರುವವನು ಅವಳ ಗಂಡ. ಅವನ ತಂದೆಗೆ ತೀರ್ಥಹಳ್ಳಿಯ ಕಡೆ ಅಡಿಕೆ ತೋಟವಿದೆ. ತಂಗಿಯ ಒಡವೆ ಅತ್ತೆಯ ಲಾಕರಿನಲ್ಲಿದೆ. ನಮ್ಮ ಕಡೆಯ ಹಿರಿಯರು "ಕಾನೂನಿನಲ್ಲಿ ಎಲ್ಲದರಲ್ಲೂ ಅರ್ಧ ಇದೆ, ಬಿಟ್ಟುಕೊಡಬೇಡಿ" ಎನ್ನುತ್ತಾರೆ. ಅವನ ಕಡೆಯವರು "ಹುಡುಗನಿಗೆ ಐದು ವರ್ಷ ದಾಟಿತು, ಇನ್ನು ಅವನು ತಂದೆಗೇ ಸೇರಬೇಕು" ಎನ್ನುತ್ತಾರೆ. ಇದರಲ್ಲಿ ಯಾವುದು ನಿಜ?

ಹಳೆಯ ಶಿರಸ್ತೇದಾರ

ಎರಡೂ ನಿಜವಲ್ಲ. ಆದರೆ ಈ ಎರಡು ಮಾತುಗಳನ್ನು ನಂಬಿಕೊಂಡು ನ್ಯಾಯಾಲಯಕ್ಕೆ ಬಂದವರನ್ನು ನನ್ನ ನೌಕರಿಯುದ್ದಕ್ಕೂ ನೋಡಿದ್ದೇನೆ.

ಮೊದಲು ಆಸ್ತಿ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡ ಹೆಂಡತಿಯ ಆಸ್ತಿಯನ್ನು ಒಟ್ಟುಗೂಡಿಸಿ ಇಬ್ಬರಿಗೂ ಸಮನಾಗಿ ಹಂಚುವ ಏರ್ಪಾಡೇ ಇಲ್ಲ. ಆಸ್ತಿಯ ಮಾತು ಬರುವುದು 27ನೇ ಕಲಮಿನಲ್ಲಿ. ಅದು ಕೂಡ ಮದುವೆಯ ಹೊತ್ತಿಗೆ ಉಡುಗೊರೆಯಾಗಿ ಬಂದು ಇಬ್ಬರಿಗೂ ಜಂಟಿಯಾಗಿ ಸೇರಿದ ವಸ್ತುಗಳ ಬಗ್ಗೆ ಮಾತ್ರ. ಉಳಿದದ್ದೆಲ್ಲ ಯಾರ ಹೆಸರಿನಲ್ಲಿದೆಯೋ ಅವರದು. ಗಂಡ ತನ್ನ ಹೆಸರಿನಲ್ಲಿ ಕೊಂಡ ನಿವೇಶನ ಗಂಡನದು, ಹೆಂಡತಿ ತನ್ನ ಹೆಸರಿನಲ್ಲಿ ಇಟ್ಟ ಠೇವಣಿ ಹೆಂಡತಿಯದು. ಹತ್ತು ವರ್ಷ ಮನೆ ನೋಡಿಕೊಂಡಳು, ಮಗು ಸಾಕಿದಳು ಎಂಬ ಕಾರಣಕ್ಕೆ ನಿವೇಶನದ ಖಾತೆಯಲ್ಲಿ ಅವಳ ಹೆಸರು ಕೂರುವುದಿಲ್ಲ. ಆ ದುಡಿಮೆಯನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಜೀವನಾಂಶದಲ್ಲಿ, ಆಸ್ತಿಯಲ್ಲಿ ಅಲ್ಲ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಇವತ್ತಿನ ಕಾನೂನು ಇರುವುದು ಹೀಗೆ.

ನಿಮ್ಮ ಪ್ರಕರಣದಲ್ಲಿ ಫ್ಲ್ಯಾಟಿನ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದೆಯಲ್ಲ, ಅದು ದೊಡ್ಡ ಬಲ. ಪಾಲು ಇಷ್ಟಿಷ್ಟು ಎಂದು ಪತ್ರದಲ್ಲಿ ಬರೆಯದಿದ್ದರೆ ಸಮಪಾಲು ಎಂಬ ಊಹೆಯಿಂದ ಮಾತು ಶುರುವಾಗುತ್ತದೆ. ಹಣ ಹಾಕಿದವನು ನಾನು ಎಂದು ಗಂಡ ವಾದಿಸಬಹುದು. ಅದನ್ನು ಸಾಬೀತು ಮಾಡುವ ಭಾರ ಅವನದು.

ತೋಟದ ಆಸೆ ಬಿಡಿ. ಗಂಡ ಬದುಕಿರುವಾಗ ಅವನ ಪಿತ್ರಾರ್ಜಿತದಲ್ಲಿ ಹೆಂಡತಿ ಕೇಳುವ ಪಾಲಿಲ್ಲ. ಮಗನ ಮಾತು ಬೇರೆ. ಆ ತೋಟ ಅಜ್ಜನ ಸ್ವಯಾರ್ಜಿತವಾಗಿರದೆ ವಂಶಪಾರಂಪರ್ಯದ್ದಾಗಿದ್ದರೆ ಹುಡುಗನಿಗೆ ಹುಟ್ಟಿನಿಂದಲೇ ಹಕ್ಕಿದೆ. ತಂದೆ ತಾಯಿಯ ವಿಚ್ಛೇದನದಿಂದ ಅದು ಕೂದಲೆಳೆಯಷ್ಟೂ ಕದಲುವುದಿಲ್ಲ. ಪಹಣಿ, ಮ್ಯುಟೇಶನ್ ಪ್ರತಿಗಳನ್ನು ತೆಗೆಸಿಟ್ಟುಕೊಳ್ಳಿ.

ಇನ್ನೊಂದು ಮಾತು. ಬೇಸರ ಮಾಡಿಕೊಳ್ಳಬೇಡಿ. ತಂಗಿಯ ಗಂಡನ ತೋಟದ ಲೆಕ್ಕ ಹಾಕುತ್ತಿರುವ ನಿಮ್ಮ ಹಿರಿಯರು ತವರಿನ ಆಸ್ತಿಯಲ್ಲಿ ಅವಳ ಪಾಲಿನ ಲೆಕ್ಕ ಹಾಕಿದ್ದಾರೆಯೇ? ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತದಲ್ಲಿ ಮಗಳು ಮಗನಿಗೆ ಸಮ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿದ್ದರೋ ಇಲ್ಲವೋ ಎಂಬ ಗೊಂದಲವನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರಿಸಿತು. ಅವಳಿಗೆ ಕಾನೂನು ನಿಜವಾಗಿ ಸಮಪಾಲು ಕೊಟ್ಟಿರುವ ಜಾಗ ನಿಮ್ಮ ಮನೆ.

ತುಂಗಾತೀರದವನು

ಶಿರಸ್ತೇದಾರರೇ, ನಮ್ಮಲ್ಲಿ ಇನ್ನೂ ಪಾಲಾಗಿಲ್ಲ, ಎಲ್ಲ ಜಂಟಿಯಾಗಿಯೇ ಇದೆ. ನಿಮ್ಮ ಮಾತನ್ನು ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಹೇಳದೆ ಎದ್ದು ಹೋದರು. ಆ ವಿಷಯವನ್ನು ನಾವು ಮನೆಯಲ್ಲೇ ಮಾತನಾಡಿಕೊಳ್ಳುತ್ತೇವೆ.

ಧಾರವಾಡದ ವಕೀಲೆ

ಮಾತನಾಡಿಕೊಳ್ಳಿ, ಆದರೆ ಅವಳನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿ. ಇಂಥ ಸಮಯದಲ್ಲೇ "ಒಂದು ಸಹಿ ಹಾಕಮ್ಮ" ಎಂದು ಹಕ್ಕು ಬಿಡುಗಡೆ ಪತ್ರ ಮುಂದಿಡುವ ಅಣ್ಣತಮ್ಮಂದಿರು ಇರುತ್ತಾರೆ.

ಈಗ ಒಡವೆ. ಹೆಣ್ಣಿಗೆ ಮದುವೆಯ ಮೊದಲು, ಮದುವೆಯಲ್ಲಿ, ಆಮೇಲೆ ತವರಿನವರು, ಗಂಡನ ಮನೆಯವರು, ಬಂಧುಗಳು ಕೊಟ್ಟದ್ದೆಲ್ಲ ಸ್ತ್ರೀಧನ. ಅದು ಅವಳೊಬ್ಬಳದೇ. ಅತ್ತೆಯ ಲಾಕರಿನಲ್ಲಿದೆ ಎಂದ ಮಾತ್ರಕ್ಕೆ ಅತ್ತೆಯದಾಗುವುದಿಲ್ಲ. ಅವರು ಇಟ್ಟುಕೊಂಡವರು ಮಾತ್ರ. 1985ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ, ಹಿಂದಿರುಗಿಸದಿದ್ದರೆ ನಂಬಿಕೆದ್ರೋಹದ ಅಪರಾಧವಾಗುತ್ತದೆ ಎಂದೂ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಕೇರಳದಿಂದ ಹೋದ ಪ್ರಕರಣದಲ್ಲಿ ಅದನ್ನೇ ಮತ್ತೆ ಹೇಳಿ, ಒಡವೆಯ ಬದಲಿಗೆ 25 ಲಕ್ಷ ರೂಪಾಯಿ ಕೊಡಿಸಿತು. ನಿಮ್ಮ ಕೆಲಸ ಪಟ್ಟಿ ಮಾಡುವುದು. ಮದುವೆಯ ಫೋಟೋ, ವಿಡಿಯೊ, ಚಿನ್ನದ ಅಂಗಡಿಯ ರಸೀದಿ, ಸೀಮಂತದಲ್ಲಿ ಹಾಕಿದ ಬಳೆ, ಎಲ್ಲವನ್ನೂ ತೂಕದೊಂದಿಗೆ ಬರೆದಿಡಿ. ಜಗಳ ಜೋರಾದ ಮೇಲೆ ಯಾವ ಅತ್ತೆಗೂ ಯಾವ ಸರದ ನೆನಪೂ ಇರುವುದಿಲ್ಲ.

ಜೀವನಾಂಶ. 2020ರ ನವೆಂಬರ್‌ನಲ್ಲಿ ಬಂದ ರಜನೀಶ್ ವಿರುದ್ಧ ನೇಹಾ ತೀರ್ಪನ್ನು ನಿಮ್ಮ ವಕೀಲರು ಮೊದಲ ದಿನವೇ ಹೇಳಬೇಕು. ಹೇಳದಿದ್ದರೆ ವಕೀಲರನ್ನು ಬದಲಿಸಿ. ಅದರ ಪ್ರಕಾರ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ತಿಂಗಳ ಖರ್ಚು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಘೋಷಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. "ಓದಿದ್ದಾಳೆ, ದುಡಿಯಬಲ್ಲಳು" ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಮಗುವಿಗಾಗಿ ಕೆಲಸ ಬಿಟ್ಟದ್ದನ್ನು ನ್ಯಾಯಾಲಯ ತೂಗಿ ನೋಡಬೇಕು. ನಿಮ್ಮ ತಂಗಿಯ ವಿಷಯಕ್ಕೆ ಅಳತೆ ತೆಗೆದು ಹೊಲಿದಂತಿದೆ ಈ ಭಾಗ. ಎಷ್ಟು ಎಂಬುದಕ್ಕೆ ಸೂತ್ರವಿಲ್ಲ. ಸಂಬಳದ ಕಾಲುಭಾಗ ಎಂದು ಜನ ಹೇಳುವುದು 2017ರ ಒಂದು ತೀರ್ಪಿನಿಂದ. ಅದು ಆ ಪ್ರಕರಣಕ್ಕೆ ಸರಿ ಎನಿಸಿದ ಅಳತೆ, ಎಲ್ಲರಿಗೂ ಕಟ್ಟಿದ ನಿಯಮವಲ್ಲ.

ಹಾಗೆಯೇ ಇದು ಒನ್‌ವೇ ರಸ್ತೆಯಲ್ಲ. ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಕಲಮುಗಳಲ್ಲಿ ಆದಾಯವಿಲ್ಲದ ಗಂಡ ದುಡಿಯುವ ಹೆಂಡತಿಯಿಂದಲೂ ಕೇಳಬಹುದು. ಅಪರೂಪ, ಆದರೆ ಇದೆ.

ಹಾವೇರಿ ಹುಡುಗ

ಇಬ್ಬರಿಗೂ ಒಪ್ಪಿಗೆ ಇದ್ದರೆ ಇಷ್ಟೆಲ್ಲ ಯಾಕೆ? ನಮ್ಮ ಕಡೆ ಹಿರಿಯರನ್ನು ಕೂರಿಸಿ ಛಾಪಾ ಕಾಗದದ ಮೇಲೆ ಸೋಡಚೀಟಿ, ಅಂದರೆ ಬಿಡುಗಡೆಯ ಕಾಗದ, ಬರೆಸಿ, ಇಬ್ಬರ ಸಹಿ ಹಾಕಿಸಿ, ನೋಟರಿ ಮಾಡಿಸಿಬಿಡುತ್ತಾರೆ. ಒಂದೇ ದಿನದ ಕೆಲಸ.

ಧಾರವಾಡದ ವಕೀಲೆ

ಒಂದೇ ದಿನದ ಕೆಲಸ, ಇಪ್ಪತ್ತು ವರ್ಷದ ಕೇಸು. ನನ್ನ ಬಳಿ ಬರುವ ಫೈಲುಗಳಲ್ಲಿ ಅತಿ ಹೆಚ್ಚು ಕಣ್ಣೀರು ಇಂಥ ಕಾಗದಗಳದ್ದೇ. ನಿಮ್ಮ ಸಮುದಾಯದಲ್ಲಿ ಅಂಥ ವಿಚ್ಛೇದನ ಹಿಂದಿನಿಂದ ನಡೆದುಬಂದ ರೂಢಿ ಎಂದು ಸಾಕ್ಷಿಯೊಂದಿಗೆ ಸಾಬೀತಾದರೆ 29ನೇ ಕಲಮು ಅದನ್ನು ಉಳಿಸಿಕೊಂಡಿದೆ, ನಿಜ. ಆದರೆ ಸಾಬೀತು ಮಾಡಬೇಕು, ಅದೂ ನ್ಯಾಯಾಲಯದಲ್ಲಿ. ರೂಢಿ ಇಲ್ಲದ ಕಡೆ ನೋಟರಿಯ ಮುದ್ರೆಯಿಂದ ಮದುವೆ ಮುರಿಯುವುದಿಲ್ಲ. ಆ ಕಾಗದ ನಂಬಿ ಮತ್ತೆ ಮದುವೆಯಾದರೆ ಎರಡನೇ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲ. ಎರಡನೇ ಹೆಂಡತಿಗೆ ಪಿಂಚಣಿ ಇಲ್ಲ, ಗಂಡ ತೀರಿಕೊಂಡ ದಿನ ಮೊದಲನೆಯವಳು ಬಾಗಿಲಿಗೆ ಬಂದು ನಿಲ್ಲುತ್ತಾಳೆ.

ಆ ಮಕ್ಕಳ ಗತಿ ಏನು ಎಂಬುದಕ್ಕೆ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಅಸಿಂಧು ಮದುವೆಯಲ್ಲಿ ಹುಟ್ಟಿದ ಮಕ್ಕಳೂ ಧರ್ಮಬದ್ಧ ಮಕ್ಕಳೇ, ಹಿಂದೂ ಅವಿಭಕ್ತ ಕುಟುಂಬದಲ್ಲಿ ತಂದೆಗೆ ಬರಬಹುದಾದ ಪಾಲಿನಲ್ಲಿ ಅವರಿಗೂ ಭಾಗವಿದೆ. ಮಕ್ಕಳು ಬಚಾವ್. ಹೆಂಡತಿ ಅಲ್ಲ.

ಬ್ಯಾಂಕಿನ ಕಿಟಕಿಯಿಂದ

ಗೃಹಸಾಲದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸಾಲ ವಿಭಾಗದಲ್ಲೇ ಕೂದಲು ಬೆಳ್ಳಗಾದವನು.

ವಿಚ್ಛೇದನದ ಡಿಕ್ರಿಯಲ್ಲಿ, ಅಂದರೆ ನ್ಯಾಯಾಲಯದ ಅಂತಿಮ ಆದೇಶದಲ್ಲಿ, "ಇನ್ನು ಮುಂದೆ ಸಾಲವನ್ನು ಗಂಡನೇ ಕಟ್ಟತಕ್ಕದ್ದು" ಎಂದು ಬರೆಸಿಕೊಂಡು ಹೆಂಡತಿ ನಿಶ್ಚಿಂತೆಯಿಂದ ಇರುತ್ತಾಳೆ. ಬ್ಯಾಂಕ್ ಆ ಪ್ರಕರಣದಲ್ಲಿ ಕಕ್ಷಿದಾರನೇ ಅಲ್ಲ. ಸಾಲಪತ್ರಕ್ಕೆ ಸಹಿ ಹಾಕಿದ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ಮೂರು ಕಂತು ತಪ್ಪಿದರೆ ಇಬ್ಬರ ಸಿಬಿಲ್ ಅಂಕವೂ ಬೀಳುತ್ತದೆ, ನೋಟಿಸ್ ಇಬ್ಬರಿಗೂ ಹೋಗುತ್ತದೆ. ನಾಳೆ ಅವಳು ತನ್ನ ಹೆಸರಿನಲ್ಲಿ ಸಣ್ಣ ವಾಹನ ಸಾಲ ಕೇಳಿದರೂ ಹಳೆಯ ಫ್ಲ್ಯಾಟಿನ ಸಾಲ ಅವಳ ತಲೆಯ ಮೇಲೆಯೇ ಕಾಣಿಸುತ್ತದೆ.

ದಾರಿ ಎರಡೇ. ಒಂದು, ಫ್ಲ್ಯಾಟ್ ಮಾರಿ ಸಾಲ ತೀರಿಸಿ ಉಳಿದ ಹಣ ಹಂಚಿಕೊಳ್ಳುವುದು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ. ಎರಡು, ಒಬ್ಬರು ಇಟ್ಟುಕೊಳ್ಳುವುದು. ಆಗ ಅವನ ಒಬ್ಬನ ಆದಾಯಕ್ಕೆ ಸಾಲ ಸಾಕಾಗುತ್ತದೆಯೇ ಎಂದು ಬ್ಯಾಂಕ್ ಹೊಸದಾಗಿ ನೋಡಿ ಅವಳ ಹೆಸರನ್ನು ಸಾಲದಿಂದ ತೆಗೆಯಬೇಕು. ಸಾಲದಿಂದ ಹೆಸರು ಹೋಗುವ ಮೊದಲು ಮನೆಯ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಬೇಡಿ. ಮನೆ ಅವನದು, ಸಾಲ ನಿಮ್ಮದೂ ಹೌದು ಎಂಬ ಸ್ಥಿತಿಯಲ್ಲಿ ಸಿಕ್ಕಿಕೊಂಡವರು ನನ್ನ ಶಾಖೆಯಲ್ಲೇ ಇದ್ದಾರೆ.

ಹಳೆಯ ಶಿರಸ್ತೇದಾರ

ಬ್ಯಾಂಕಿನವರ ಮಾತಿಗೆ ಒಂದು ಸೇರ್ಪಡೆ. ಕರ್ನಾಟಕದಲ್ಲಿ ಕುಟುಂಬದ ಸದಸ್ಯರ ನಡುವಿನ ಹಕ್ಕು ಬಿಡುಗಡೆ ಪತ್ರಕ್ಕೆ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ, ಗಂಡ ಹೆಂಡತಿ ಆ ಪಟ್ಟಿಯಲ್ಲಿ ಬರುತ್ತಾರೆ. ಡಿಕ್ರಿಯಾದ ಮರುದಿನ ಅವರು ಗಂಡ ಹೆಂಡತಿ ಅಲ್ಲವಲ್ಲ. ಆದ್ದರಿಂದ ಪತ್ರ ಯಾವಾಗ ನೋಂದಣಿ ಮಾಡಿಸಬೇಕು, ಒಪ್ಪಂದದಲ್ಲಿ ಹೇಗೆ ಬರೆಸಬೇಕು ಎಂಬುದನ್ನು ಮೊದಲೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಕಾರವಾರದ ಕಡಲು

ಅರ್ಧದ ಮಾತು ಪೂರ್ತಿ ಗಾಳಿಮಾತಲ್ಲ. ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ನಿಜವಾಗುತ್ತದೆ! ಗೋವಾದಲ್ಲಿ ಇಂದಿಗೂ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕುಟುಂಬ ನಿಯಮಗಳಿವೆ. ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ ಇಬ್ಬರ ಆಸ್ತಿಯೂ ಸೇರಿ ಒಂದಾಗುತ್ತದೆ, ಬೇರೆಯಾದರೆ ಅರ್ಧರ್ಧ. ಹಿಂದೂ, ಕ್ರೈಸ್ತ, ಮುಸ್ಲಿಂ ಎಂಬ ಭೇದವಿಲ್ಲ. ನನ್ನ ಚಿಕ್ಕಮ್ಮನ ಮಗಳನ್ನು ಮಡಗಾಂವಿಗೆ ಕೊಟ್ಟಿದ್ದೇವೆ. ಅಲ್ಲಿ ಗಂಡ ಮನೆ ಮಾರಬೇಕಾದರೆ ಹೆಂಡತಿಯೂ ಸಹಿ ಹಾಕಬೇಕು.

ಸ್ಯಾನ್ ಹೋಸೆಯಿಂದ

ಕ್ಯಾಲಿಫೋರ್ನಿಯಾದಲ್ಲೂ ಹಾಗೆಯೇ. ಮದುವೆಯ ನಂತರ ಯಾರು ದುಡಿದರೂ ಅದು ಇಬ್ಬರದು. ತಂದೆಯಿಂದ ಬಂದದ್ದು, ಮದುವೆಗೆ ಮೊದಲಿನದು ಅವರವರದು. ನಮ್ಮ ಕನ್ನಡ ಕೂಟದಲ್ಲಿ ಹೀಗೆ ಬೇರೆಯಾದ ದಂಪತಿಗಳಿದ್ದಾರೆ. ಇಲ್ಲಿನ ಮನೆ ಸುಲಭವಾಗಿ ಹಂಚಿಕೆಯಾಗುತ್ತದೆ. ಮೈಸೂರಿನ ನಿವೇಶನದ ವಿಷಯ ಬಂದಾಗ ಇಲ್ಲಿನ ನ್ಯಾಯಾಧೀಶರ ಆದೇಶ ಅಲ್ಲಿನ ಖಾತೆಯನ್ನು ಅಲುಗಾಡಿಸುವುದಿಲ್ಲ.

ಡಿಕ್ರಿಯ ಬಗ್ಗೆಯೂ ಎಚ್ಚರ ಬೇಕು. ಒಬ್ಬರು ಮಾತ್ರ ಇಲ್ಲಿ ಅರ್ಜಿ ಹಾಕಿ, ಊರಿನಲ್ಲಿರುವ ಇನ್ನೊಬ್ಬರು ಹಾಜರಾಗದೆ, ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ ವಿಚ್ಛೇದನ ಸಿಕ್ಕರೆ ಭಾರತದಲ್ಲಿ ಅದಕ್ಕೆ ಬೆಲೆ ಇಲ್ಲ. 1991ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಮಗುವನ್ನು ಒಬ್ಬರು ಹೇಳದೆ ಕೇಳದೆ ಬೆಂಗಳೂರಿಗೆ ಕರೆದೊಯ್ದರೆ ಇನ್ನೂ ಫಜೀತಿ. ಮಕ್ಕಳ ಅಪಹರಣದ ಬಗ್ಗೆ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಲ್ಲಿನ ಹೈಕೋರ್ಟಿನಲ್ಲಿ ಮೊದಲಿನಿಂದ ಹೋರಾಡಬೇಕು.

ವಾರಾಂತ್ಯದ ಅಪ್ಪ

ಎಲ್ಲರೂ ಹೆಣ್ಣಿನ ಕಡೆಯ ಮಾತನ್ನೇ ಹೇಳುತ್ತಿದ್ದೀರಿ. ನನ್ನದನ್ನೂ ಕೇಳಿ. ಮಗಳನ್ನು ನೋಡಲು ನನಗೆ ಸಿಕ್ಕದ್ದು ತಿಂಗಳಲ್ಲಿ ಎರಡು ಶನಿವಾರ, ನ್ಯಾಯಾಲಯದ ಆವರಣದಲ್ಲಿ, ಎರಡು ಗಂಟೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಸುತ್ತ ಇನ್ನೂ ಹತ್ತು ಅಪ್ಪಂದಿರು ಚಾಕೊಲೇಟ್ ಹಿಡಿದು ಕಾಯುತ್ತಿರುವಾಗ, ಮಗು ನಮ್ಮೊಂದಿಗೆ ಏನು ಮಾತನಾಡುತ್ತದೆ? ಅದರಲ್ಲೂ ಜ್ವರ, ಪರೀಕ್ಷೆ, ಮದುವೆಮನೆ ಎಂದು ಅರ್ಧ ಭೇಟಿಗಳು ತಪ್ಪಿದವು. ಜೀವನಾಂಶ ಒಂದು ತಿಂಗಳು ತಡವಾದರೆ ವಾರಂಟ್ ಬರುತ್ತದೆ. ಭೇಟಿ ತಪ್ಪಿಸಿದರೆ ಏನೂ ಆಗುವುದಿಲ್ಲ. ತುಂಗಾತೀರದವರೇ, ನಿಮ್ಮ ತಂಗಿಯ ಗಂಡ ಕೆಟ್ಟವನಲ್ಲ ಎಂದು ನೀವೇ ಬರೆದಿದ್ದೀರಿ. ಆ ಹುಡುಗನಿಗೆ ಅಪ್ಪನನ್ನು ಉಳಿಸಿ.

ಧಾರವಾಡದ ವಕೀಲೆ

ನಿಮ್ಮ ನೋವಿನ ಬಗ್ಗೆ ವಾದವಿಲ್ಲ. "ಏನೂ ಆಗುವುದಿಲ್ಲ" ಎಂಬುದನ್ನು ಮಾತ್ರ ಒಪ್ಪುವುದಿಲ್ಲ. ಆದೇಶ ಜಾರಿಗೆ ಅರ್ಜಿ ಹಾಕಬಹುದು, ತಪ್ಪಿದ ಭೇಟಿಗೆ ಬದಲಿ ದಿನ ಕೇಳಬಹುದು, ಭೇಟಿಯ ಜಾಗವನ್ನು ಮನೆಗೋ ಉದ್ಯಾನಕ್ಕೋ ಬದಲಿಸಿ ಎನ್ನಬಹುದು. ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ತಿರುಗಿಸುವುದು ಮಗುವಿಗೇ ಹಾನಿ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ವಿವರವಾಗಿ ಬರೆದಿದೆ. ಪಾಲನೆಯ ಆದೇಶ ಯಾವತ್ತೂ ಅಂತಿಮವಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ತಿದ್ದುಪಡಿ ಕೇಳಲು ಬಾಗಿಲು ತೆರೆದೇ ಇರುತ್ತದೆ.

ಈಗ "ಐದು ವರ್ಷ ದಾಟಿತು" ಎಂಬ ಮಾತಿಗೆ ಬರುತ್ತೇನೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮು ತಂದೆ ಸಹಜ ಪೋಷಕ, ಅವನ ನಂತರ ತಾಯಿ ಎನ್ನುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದೂ ಹೇಳುತ್ತದೆ. ಇದನ್ನು ಅರ್ಧ ಓದಿದವರು ಐದನೇ ಹುಟ್ಟುಹಬ್ಬಕ್ಕೆ ಮಗುವನ್ನು ತಂದೆಗೆ ಒಪ್ಪಿಸಬೇಕು ಎಂದುಕೊಳ್ಳುತ್ತಾರೆ. ಅದೇ ಕಾಯ್ದೆಯ 13ನೇ ಕಲಮು ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ, ಉಳಿದದ್ದೆಲ್ಲ ಅದರ ಕೆಳಗೆ. ತಂದೆ ಬದುಕಿದ್ದರೂ ತಾಯಿ ಪೋಷಕಿಯಾಗಬಲ್ಲಳು ಎಂಬುದು 1999ರ ಗೀತಾ ಹರಿಹರನ್ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಹುಡುಗ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಶಿವಮೊಗ್ಗದಲ್ಲಿ ತಾಯಿಯೊಂದಿಗೆ ಇದ್ದಾನೆ, ಅಲ್ಲೇ ಶಾಲೆಗೆ ಹೋಗುತ್ತಿದ್ದಾನೆ. ಈ ನೆಲೆಯನ್ನು ನ್ಯಾಯಾಲಯ ಸುಮ್ಮನೆ ಕದಲಿಸುವುದಿಲ್ಲ. ಪಾಲನೆಯ ಅರ್ಜಿಯೇನಾದರೂ ಬಂದರೆ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯದಲ್ಲೇ ಬರಬೇಕು. 1890ರ ಪೋಷಕರ ಕಾಯ್ದೆ ಇದನ್ನು ಹೇಳುತ್ತದೆ. ದೊಡ್ಡ ಮಕ್ಕಳಾದರೆ ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆದು ಒಬ್ಬರನ್ನೇ ಮಾತನಾಡಿಸುತ್ತಾರೆ. ಆರು ವರ್ಷದವನ ಮಾತಿಗೆ ಅಷ್ಟು ತೂಕ ಕೊಡುವುದಿಲ್ಲ, ಆದ್ದರಿಂದ ಅವನಿಗೆ ಉತ್ತರ ಕಲಿಸಲು ಹೋಗಬೇಡಿ. ಕಲಿಸಿದ ಮಾತು ಎರಡನೇ ಪ್ರಶ್ನೆಗೇ ಬಯಲಾಗುತ್ತದೆ.

ವಾರಾಂತ್ಯದ ಅಪ್ಪ

ಜಂಟಿ ಪಾಲನೆ ಅಂತ ಇದೆಯಲ್ಲ, ಅದು?

ಹಳೆಯ ಶಿರಸ್ತೇದಾರ

ಕಾಯ್ದೆಯಲ್ಲಿ ಆ ಹೆಸರಿನ ಕಲಮು ಇಲ್ಲ. ಕಾನೂನು ಆಯೋಗ 2015ರ ಮೇ ತಿಂಗಳಲ್ಲಿ ತನ್ನ 257ನೇ ವರದಿಯಲ್ಲಿ ಸೇರಿಸಿ ಎಂದು ಶಿಫಾರಸು ಮಾಡಿತು. ಸಂಸತ್ತು ಇನ್ನೂ ಸೇರಿಸಿಲ್ಲ. ಆದರೆ ನ್ಯಾಯಾಲಯಗಳು ಕೈಕಟ್ಟಿ ಕೂತಿಲ್ಲ. ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಬ್ಬ ಹುಡುಗನ ವಿಷಯದಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಎಂದು ಆದೇಶ ಮಾಡಿತು. ಖರ್ಚು ಸಮಪಾಲು, ಒಬ್ಬರ ಬಳಿ ಇದ್ದಾಗ ಇನ್ನೊಬ್ಬರಿಗೆ ಶನಿವಾರ, ಭಾನುವಾರ ಭೇಟಿ, ದೂರವಾಣಿ, ವಿಡಿಯೊ ಮೂಲಕ ಮಾತನಾಡಲು ಅವಕಾಶ. ಆಯೋಗವೂ ಅದನ್ನು ಉದಾಹರಣೆಯಾಗಿ ಎತ್ತಿಕೊಂಡಿದೆ.

ಅಂಥ ಏರ್ಪಾಡು ನಡೆಯಬೇಕಾದರೆ ಎರಡೂ ಮನೆ ಒಂದೇ ಶಾಲೆಯ ದಾರಿಯಲ್ಲಿರಬೇಕು. ಬೆಂಗಳೂರು ಶಿವಮೊಗ್ಗದ ನಡುವೆ ಆಗದ ಮಾತು. ನಿಮಗೆ ಹೊಂದುವುದು ಬೇರೆ ಲೆಕ್ಕ: ಶಾಲೆಯ ದಿನಗಳು ತಾಯಿಯೊಂದಿಗೆ, ದಸರಾ ಮತ್ತು ಬೇಸಿಗೆ ರಜೆಯಲ್ಲಿ ದೊಡ್ಡ ಭಾಗ ತಂದೆಯೊಂದಿಗೆ, ನಡುವೆ ತಿಂಗಳಿಗೊಮ್ಮೆ ತಂದೆ ಶಿವಮೊಗ್ಗಕ್ಕೆ ಬರುವುದು, ದಿನವೂ ನಿಗದಿತ ಹೊತ್ತಿಗೆ ವಿಡಿಯೊ ಕರೆ. ದೂರದಲ್ಲಿರುವ ಪೋಷಕರಿಗೆ ಇಂಥ ಸಂಪರ್ಕ ಮಗುವಿನ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎರಡನೇ ತರಗತಿ ಟೀಚರ್

ಶಾಲೆಯ ಕಡೆಯಿಂದ ಒಂದು ಮಾತು ಹೇಳಲೇಬೇಕು. ವಕೀಲರು ರಜೆ ಹಂಚುತ್ತಾರೆ, ನಮ್ಮ ಗೇಟಿನ ಬಳಿ ನಡೆಯುವುದನ್ನು ಯಾರೂ ಯೋಚಿಸುವುದಿಲ್ಲ. ಮಧ್ಯಾಹ್ನ ಮೂರೂವರೆಗೆ ಅಪ್ಪನೂ ಬರುತ್ತಾನೆ, ಅಜ್ಜನೂ ಬರುತ್ತಾನೆ, ಇಬ್ಬರೂ "ಮಗು ನನ್ನೊಂದಿಗೆ ಬರಬೇಕು" ಎನ್ನುತ್ತಾರೆ. ಮಗು ನನ್ನ ಸೀರೆಯ ಸೆರಗು ಹಿಡಿದು ನಿಂತಿರುತ್ತದೆ. ಆ ಹೊತ್ತಿನಲ್ಲಿ ನಾನೇನು ಮಾಡಬೇಕು?

ಒಪ್ಪಂದದಲ್ಲಿ ಇವನ್ನು ಬರೆಸಿ: ಯಾವ ಶಾಲೆ, ಶುಲ್ಕ ಯಾರು ಕಟ್ಟಬೇಕು, ಯಾರು ಕರೆದೊಯ್ಯಬಹುದು, ಪೋಷಕರ ಸಭೆಗೆ ಇಬ್ಬರೂ ಬರಬಹುದೇ, ಅಂಕಪಟ್ಟಿ ಇಬ್ಬರಿಗೂ ಕಳಿಸಬೇಕೇ, ವರ್ಗಾವಣೆ ಪತ್ರಕ್ಕೆ ಯಾರ ಸಹಿ ಸಾಕು, ಪಾಸ್‌ಪೋರ್ಟ್ ಯಾರ ಬಳಿ ಇರಬೇಕು, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಯಾರು ಒಪ್ಪಿಗೆ ಕೊಡಬೇಕು. ಆದೇಶದ ಪ್ರತಿಯನ್ನು ಶಾಲೆಗೆ ಕೊಡಿ. ನಮ್ಮಲ್ಲಿ ಅದನ್ನು ಕಡತದಲ್ಲಿಟ್ಟುಕೊಳ್ಳುತ್ತೇವೆ, ಗೇಟಿನವನಿಗೂ ತಿಳಿಸುತ್ತೇವೆ.

ಮಂಗಳೂರಿನ ಓದುಗ

ಇಲ್ಲಿಯವರೆಗಿನ ಮಾತೆಲ್ಲ ಹಿಂದೂ ವಿವಾಹದ ಬಗ್ಗೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ಪರಸ್ಪರ ಒಪ್ಪಿಗೆಯ ದಾರಿ ಅದರಲ್ಲಿ ಬಂದದ್ದೇ 2001ರಲ್ಲಿ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದವರಿಗೆ 28ನೇ ಕಲಮು. ಮುಸ್ಲಿಂ ಮಹಿಳೆಯರಿಗೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯೂ ಇದೆ, ಹೆಂಡತಿಯೇ ಬಿಡುಗಡೆ ಕೇಳುವ ಖುಲಾ ದಾರಿಯೂ ಇದೆ. ಒಂದೇ ಉಸಿರಿನ ತ್ರಿವಳಿ ತಲಾಖ್ 2019ರಿಂದ ಅಪರಾಧ. ವಿಚ್ಛೇದಿತ ಮುಸ್ಲಿಂ ಮಹಿಳೆ ಎಲ್ಲರಿಗೂ ಅನ್ವಯಿಸುವ ಕಾನೂನಿನಡಿಯೇ ಜೀವನಾಂಶ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೊಮ್ಮೆ ಹೇಳಿತು. ಶಾ ಬಾನೊ ಪ್ರಕರಣದ 1985ರಿಂದ ಎಳೆದಾಡಿದ ವಿಷಯ ಅದು. ಆ ಕಾನೂನು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು.

ತುಂಗಾತೀರದವನು

ಎಲ್ಲರಿಗೂ ಕೃತಜ್ಞತೆ. ನಿನ್ನೆ ತಂಗಿಯೂ ಇದನ್ನೆಲ್ಲ ಓದಿದಳು. ಫ್ಲ್ಯಾಟ್ ಮಾರುವುದೇ ಸರಿ ಎನ್ನುತ್ತಾಳೆ. ಪಾಲನೆ ಅವಳದು, ರಜೆ ಮತ್ತು ಕರೆಗಳು ಶಿರಸ್ತೇದಾರರು ಹೇಳಿದಂತೆ. ಅವಳ ಗಂಡನೂ ಒಪ್ಪುವ ಹಾಗಿದೆ. ಜೀವನಾಂಶದ ಬದಲು ಒಂದೇ ಸಲಕ್ಕೆ ಇಡೀ ಮೊತ್ತ ಕೊಡುತ್ತೇನೆ, ಮಗನ ಹೆಸರಿನಲ್ಲಿ ಮತ್ತೇನೂ ಕೇಳಬಾರದು ಎಂಬುದು ಅವನ ಷರತ್ತು. ಒಪ್ಪಬಹುದೇ? ಎಷ್ಟು ಸಮಯ ಹಿಡಿಯುತ್ತದೆ?

ಧಾರವಾಡದ ವಕೀಲೆ

ತನ್ನ ಜೀವನಾಂಶವನ್ನು ಅವಳು ಬಿಟ್ಟುಕೊಡಬಹುದು, ಒಂದೇ ಸಲಕ್ಕೆ ತೆಗೆದುಕೊಳ್ಳಬಹುದು. ಮಗನದನ್ನು ಬಿಟ್ಟುಕೊಡಲು ಅವಳಿಗೆ ಅಧಿಕಾರವಿಲ್ಲ, ಏಕೆಂದರೆ ಅದು ಅವಳದಲ್ಲ. ಹಾಗೆ ಬರೆದರೂ ನಾಳೆ ಮಗು ಕೇಳುವುದನ್ನು ತಡೆಯಲಾಗದು. ಅದೇ ರೀತಿ ಅಜ್ಜನ ತೋಟದಲ್ಲಿ ಮಗನ ಹಕ್ಕನ್ನು ಬಿಟ್ಟಿದ್ದೇವೆ ಎಂಬ ಸಾಲನ್ನು ಯಾರಾದರೂ ಕರಡಿನಲ್ಲಿ ತೂರಿಸಿದ್ದಾರೆಯೇ ನೋಡಿ, ತೂರಿಸುತ್ತಾರೆ. ಮಗನ ಖರ್ಚಿಗೆ ತಿಂಗಳ ಮೊತ್ತ ಬೇರೆಯಾಗಿ ಬರೆಸಿ, ವರ್ಷವರ್ಷಕ್ಕೆ ಏರುವಂತೆ ಬರೆಸಿ.

ಹಣವನ್ನು ಎರಡು ಭಾಗ ಮಾಡಿ: ಒಂದು ಭಾಗ ಮೊದಲ ಅರ್ಜಿಯ ದಿನ, ಉಳಿದದ್ದು ಡಿಕ್ರಿಯ ದಿನ ನ್ಯಾಯಾಧೀಶರ ಎದುರಿಗೆ ಡಿ.ಡಿ. ಮೂಲಕ. ಡಿಕ್ರಿಯಾಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು. ಅದಕ್ಕೇ ಪೂರ್ತಿ ಹಣವನ್ನು ಮೊದಲೇ ಕೊಟ್ಟವರೂ, ಪೂರ್ತಿ ಹಕ್ಕನ್ನು ಮೊದಲೇ ಬಿಟ್ಟವರೂ ಕಷ್ಟಕ್ಕೆ ಸಿಕ್ಕಿದ್ದಾರೆ.

ಸಮಯ: ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕಿರುವ 13ಬಿ ಕಲಮಿನಡಿ ಅರ್ಜಿ ಹಾಕಲು ಒಂದು ವರ್ಷ ಬೇರೆ ಇದ್ದಿರಬೇಕು, ನಿಮ್ಮದು ಮುಗಿದಿದೆ. ಮೊದಲ ಅರ್ಜಿಯಿಂದ, ಒಪ್ಪಿಗೆಯನ್ನು ಮತ್ತೆ ಖಚಿತಪಡಿಸುವ ಎರಡನೆಯದಕ್ಕೆ ಆರು ತಿಂಗಳು. ಮೊದಲ ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದು, ಸಂಧಾನ ವಿಫಲವಾಗಿ, ಹಣ ಮತ್ತು ಮಗುವಿನ ವಿಷಯ ಇತ್ಯರ್ಥವಾಗಿದ್ದರೆ ಆ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂದು 2017ರ ತೀರ್ಪು ಇದೆ. ಯುಗಾದಿಯಿಂದ ಎಣಿಸಿ ನೋಡಿ, ಸ್ವಲ್ಪ ಕಾದು ಅರ್ಜಿ ಹಾಕುವುದೇ ಲಾಭವಾಗಬಹುದು. ಹೆಂಡತಿ ವಾಸಿಸುವ ಊರಿನಲ್ಲೂ ಅರ್ಜಿ ಹಾಕಲು 2003ರಿಂದ ಅವಕಾಶವಿದೆ. ಆದ್ದರಿಂದ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಅಲೆಯಬೇಕಿಲ್ಲ, ಶಿವಮೊಗ್ಗದಲ್ಲೇ ಹಾಕಿ.

ವಕೀಲರ ಶುಲ್ಕ ಭಾರವಾದರೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂ­ನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನ್ಯಾಯಾಲಯದ ಸಂಕೀರ್ಣದಲ್ಲೇ ಇರುತ್ತದೆ, ಸಹಾಯವಾಣಿ 15100.

ವಾರಾಂತ್ಯದ ಅಪ್ಪ

ಅವನಿಗೂ ಒಬ್ಬ ವಕೀಲ ಇರಲಿ ಎಂದು ಹೇಳಿ. ಇಬ್ಬರಿಗೂ ಒಬ್ಬರೇ ವಕೀಲರು ಎಂದು ಹಣ ಉಳಿಸಲು ಹೋಗಿ ಭೇಟಿಯ ಷರತ್ತನ್ನು ಓದದೆ ಸಹಿ ಹಾಕಿದವರನ್ನು ನಾನು ಆ ಆವರಣದಲ್ಲಿ ಬಹಳ ಜನ ನೋಡಿದ್ದೇನೆ.

ತುಂಗಾತೀರದವನು

ಹೇಳುತ್ತೇನೆ ಸರ್. ಕೊನೆಯ ಪ್ರಶ್ನೆ: ಡಿಕ್ರಿಯಾದ ಮೇಲೆ ಮತ್ತೆ ಮೇಲ್ಮನವಿ, ಕಾಯುವುದು ಏನಾದರೂ ಇದೆಯೇ?

ಹಳೆಯ ಶಿರಸ್ತೇದಾರ

ಕೌಟುಂಬಿಕ ನ್ಯಾಯಾಲಯ ಇಬ್ಬರ ಒಪ್ಪಿಗೆಯ ಮೇಲೆ ಕೊಟ್ಟ ಡಿಕ್ರಿಗೆ ಮೇಲ್ಮನವಿ ಇಲ್ಲ. ತಕರಾರಿನ ಪ್ರಕರಣವಾದರೆ ಮೇಲ್ಮನವಿಯ ಅವಧಿ ಮುಗಿಯುವವರೆಗೆ ಮರುಮದುವೆಗೆ ಕಾಯಬೇಕು.

ಡಿಕ್ರಿಯಾಗುವವರೆಗೆ ಅವರು ಕಾನೂನಿನ ಕಣ್ಣಿನಲ್ಲಿ ಗಂಡ ಹೆಂಡತಿಯೇ. ನಡುವೆ ಏನಾದರೂ ಅನಾಹುತವಾದರೆ ಒಬ್ಬರಿಗೊಬ್ಬರು ವಾರಸುದಾರರು. ಡಿಕ್ರಿಯಾದ ವಾರವೇ ವಿಮೆ, ಭವಿಷ್ಯನಿಧಿ, ಬ್ಯಾಂಕ್ ಖಾತೆ, ಮ್ಯೂಚುವಲ್ ಫಂಡ್‌ಗಳಲ್ಲಿನ ನಾಮನಿರ್ದೇಶನ ಬದಲಿಸಬೇಕು, ತಾನಾಗಿ ಬದಲಾಗುತ್ತದೆ ಎಂದು ಕೂರಬಾರದು. ಡಿಕ್ರಿಯ ದೃಢೀಕೃತ ಪ್ರತಿಗಳನ್ನು ಒಂದೇ ಅರ್ಜಿಯಲ್ಲಿ ನಾಲ್ಕೈದು ತೆಗೆದುಕೊಳ್ಳಿ. ಬ್ಯಾಂಕಿಗೆ, ಪಾಸ್‌ಪೋರ್ಟ್ ಕಚೇರಿಗೆ, ಟೀಚರ್ ಹೇಳಿದಂತೆ ಶಾಲೆಗೆ, ಮನೆಯಲ್ಲೊಂದು. ಒಪ್ಪಂದದ ಷರತ್ತುಗಳ ಹಾಳೆಯೂ ಡಿಕ್ರಿಗೆ ಲಗತ್ತಾಗಿದೆಯೇ ಎಂದು ನಕಲು ವಿಭಾಗದ ಕಿಟಕಿಯಲ್ಲೇ ಬಿಡಿಸಿ ನೋಡಿ ತೆಗೆದುಕೊಳ್ಳಿ. ಆಮೇಲೆ ಬಂದು ಕೇಳಿದರೆ ಕಡತ ದಾಖಲೆ ಕೊಠಡಿಗೆ ಹೋಗಿರುತ್ತದೆ, ಹೊರಗೆ ತೆಗೆಸಲು ಮತ್ತೊಂದು ಅರ್ಜಿ ಬೇಕು.